ವೈವಾ ಬೇಕು, ಆದರೆ ಎರಡು ಕೇಸಿನ ವೈವಾ ಸಾಲದು

ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿ ಹತ್ತು ವರ್ಷಕ್ಕೂ ಹಿಂದೆ ತನ್ನ ಮೌಖಿಕ ಪರೀಕ್ಷೆಯನ್ನು, ಅಂದರೆ ವೈವಾವನ್ನು, ನಿಲ್ಲಿಸಿತ್ತು. ಅದರ ಜಾಗಕ್ಕೆ ಕಂಪ್ಯೂಟರ್ ಪರೀಕ್ಷೆ ಬಂದಿತ್ತು. ಈಗ ಅದೇ ಮಂಡಳಿ 2028ರಿಂದ ಮೌಖಿಕ ಪರೀಕ್ಷೆಯನ್ನು ಮತ್ತೆ ತರುತ್ತಿದೆ. ಅದೇ ದೇಶದ ಇಂಟರ್ನಲ್ ಮೆಡಿಸಿನ್ ಮಂಡಳಿ 1972ರಲ್ಲಿ ಮೌಖಿಕ ಪರೀಕ್ಷೆ ಬಿಟ್ಟಿದ್ದು, ಮತ್ತೆ ಅದರ ಕಡೆ ತಿರುಗಿ ನೋಡಿಲ್ಲ. ಸರ್ಜರಿ ಮತ್ತು ಅರಿವಳಿಕೆ ಮಂಡಳಿಗಳು ಬಿಟ್ಟೇ ಇಲ್ಲ. ತುರ್ತು ಚಿಕಿತ್ಸೆಯ ಮಂಡಳಿ ದಶಕಗಳ ಕಾಲ ನಡೆಸಿದ ಮೌಖಿಕ ಪರೀಕ್ಷೆಯ ಜಾಗಕ್ಕೆ 2026ರಿಂದ ಹೊಸ ರೂಪದ ಪರೀಕ್ಷೆ ತಂದಿದೆ. ಅದರಲ್ಲಿ ಮಾತೂ ಇದೆ, ಮಾಡಿ ತೋರಿಸುವುದೂ ಇದೆ.

ಎಲ್ಲರ ಕೆಲಸವೂ ಒಂದೇ. ತರಬೇತಿ ಮುಗಿಸಿದ ವೈದ್ಯರು ಇನ್ನು ಮುಂದೆ ಸ್ವತಂತ್ರವಾಗಿ ರೋಗಿಗಳನ್ನು ನೋಡಬಹುದೇ ಅಂತ ಹೇಳಬೇಕು. ಆದರೂ ಒಬ್ಬೊಬ್ಬರ ತೀರ್ಮಾನ ಒಂದೊಂದು ಥರ. ಇದು ಸುಮ್ನೆ ಸಂಪ್ರದಾಯದ ಜಗಳವಲ್ಲ. ವೈವಾಕ್ಕೆ ನಿಜವಾದ ಶಕ್ತಿ ಇದೆ, ಅಷ್ಟೇ ನಿಜವಾದ ದೋಷವೂ ಇದೆ. ದೋಷ ಎಲ್ಲಿದೆ ಅನ್ನುವುದನ್ನು ಮಾತ್ರ ಹೆಚ್ಚಿನವರು ತಪ್ಪಾಗಿ ಗುರುತಿಸುತ್ತಾರೆ. "ಪರೀಕ್ಷಕರು ಸರಿ ಇಲ್ಲ" ಅನ್ನುವ ದೂರು ಎಲ್ಲ ಕಡೆ ಕೇಳುತ್ತದೆ. "ಕೇಳಿದ ಕೇಸುಗಳು ಸಾಲದು" ಅನ್ನುವ ದೂರು ಅಪರೂಪ. ನನ್ನ ಪ್ರಕಾರ ದೊಡ್ಡ ದೋಷ ಇರುವುದು ಈ ಎರಡನೆಯದರಲ್ಲಿ.

ಮೊದಲು ವೈವಾದ ಶಕ್ತಿ ಏನು ಅಂತ ಹತ್ತಿರದಿಂದ ನೋಡೋಣ.

ಅರಿವಳಿಕೆ ತರಬೇತಿಯ ಕೊನೆಯ ಪರೀಕ್ಷೆ ಅಂದುಕೊಳ್ಳಿ. ಪರೀಕ್ಷಕರು ಕೇಸ್ ಹೇಳುತ್ತಾರೆ: 78 ವರ್ಷದ ಮಹಿಳೆ, ಬಿದ್ದು ಸೊಂಟದ ಮೂಳೆ ಮುರಿದಿದೆ, ಸ್ಟೆತೊಸ್ಕೋಪ್ ಇಟ್ಟರೆ ಕತ್ತಿನವರೆಗೆ ಹರಡುವ ಮರ್ಮರ್, ಅಂದರೆ ಹೃದಯದ ಅಸಹಜ ಸದ್ದು, ಕೇಳಿಸುತ್ತದೆ. ನಾಳೆ ಬೆಳಿಗ್ಗೆ ಆಪರೇಷನ್. ಏನು ಮಾಡುತ್ತೀರಿ?

"ಎಕೋ ಮಾಡಿಸುತ್ತೇನೆ" ಅಂತ ಎಲ್ಲರೂ ಹೇಳುತ್ತಾರೆ, ಅಂದರೆ ಹೃದಯದ ಸ್ಕ್ಯಾನ್. ಪುಸ್ತಕದಲ್ಲೂ ಅದೇ ಇದೆ. ಆಗ ಪರೀಕ್ಷಕರು ಕೇಸನ್ನು ಸ್ವಲ್ಪ ತಿರುಗಿಸುತ್ತಾರೆ. "ಎಕೋ ಎರಡು ದಿನ ಸಿಗುವುದಿಲ್ಲ. ಕಾಯುತ್ತೀರಾ?"

ಇಲ್ಲಿಂದ ದಾರಿ ಕವಲಾಗುತ್ತದೆ. ಒಬ್ಬ ಅಭ್ಯರ್ಥಿ ಕಾಯುತ್ತೇನೆ ಅನ್ನುತ್ತಾನೆ, ಯಾಕೆ ಅಂದರೆ ನಿಯಮ ಅಂತಾನೆ. ಇನ್ನೊಬ್ಬಳು ಯೋಚಿಸಿ ಹೇಳುತ್ತಾಳೆ: "ಇಲ್ಲ. ಮುರಿದ ಸೊಂಟ ಇಟ್ಟುಕೊಂಡು ಮಲಗಿದಷ್ಟೂ ಅವರಿಗೆ ಅಪಾಯ ಜಾಸ್ತಿ. ಹೃದಯದ ಅಯೋರ್ಟಿಕ್ ಕವಾಟ ಕಿರಿದಾಗಿದೆ ಅಂತಲೇ ಇಟ್ಟುಕೊಂಡು ತಯಾರಾಗುತ್ತೇನೆ. ಬಿಪಿಯನ್ನು ಕ್ಷಣಕ್ಷಣವೂ ನೋಡಲು ಅರಿವಳಿಕೆಗೆ ಮೊದಲೇ ಆರ್ಟೀರಿಯಲ್ ಲೈನ್ ಹಾಕುತ್ತೇನೆ." ಪರೀಕ್ಷಕರು ಮುಂದುವರಿಸುತ್ತಾರೆ. "ಅರಿವಳಿಕೆ ಕೊಟ್ಟಿರಿ. ಬಿಪಿ 70ಕ್ಕೆ ಬಿತ್ತು. ಕೈಯಲ್ಲಿ ಎಫೆಡ್ರಿನ್ ಇದೆ, ಫಿನೈಲೆಫ್ರಿನ್ ಇದೆ." ಎರಡೂ ಬಿಪಿ ಏರಿಸುವ ಔಷಧ. ಅವಳು ಫಿನೈಲೆಫ್ರಿನ್ ಅನ್ನುತ್ತಾಳೆ. "ಯಾಕೆ?" "ಎಫೆಡ್ರಿನ್ ಹೃದಯ ಬಡಿತ ಏರಿಸುತ್ತದೆ. ಕಿರಿದಾದ ಕವಾಟದ ಹಿಂದಿರುವ ಹೃದಯಕ್ಕೆ ತುಂಬಿಕೊಳ್ಳಲು ಸಮಯ ಬೇಕು. ಬಿಪಿ ಕೆಳಗಿದ್ದರೆ ಹೃದಯದ ಸ್ನಾಯುವಿಗೇ ರಕ್ತ ಸಾಲದಾಗುತ್ತದೆ. ಬಡಿತ ಏರಿಸದೆ ಬಿಪಿ ಎತ್ತಬೇಕು."

ಮೂರೇ ನಿಮಿಷದ ಮಾತು. ಅಷ್ಟರಲ್ಲಿ ಅವಳಿಗೆ ಗೊತ್ತಿರುವುದು ಏನು, ಗೊತ್ತಿರುವುದನ್ನು ಬಳಸುವುದು ಹೇಗೆ, ಬೇಕಾದ ಮಾಹಿತಿ ಸಿಗದಿದ್ದಾಗ ತೀರ್ಮಾನ ಮಾಡುವುದು ಹೇಗೆ, ಎಲ್ಲ ಕಂಡಿತು. ನಾಲ್ಕು ಆಯ್ಕೆ ಕೊಟ್ಟು ಸರಿಯುತ್ತರಕ್ಕೆ ಗುರುತು ಹಾಕಿಸುವ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಹಾಕಬಹುದು. ಆದರೆ ಅಲ್ಲಿ ಫಿನೈಲೆಫ್ರಿನ್ ಅನ್ನುವ ಪದ ಕಣ್ಣ ಮುಂದೆಯೇ ಇರುತ್ತದೆ. ಆಸ್ಪತ್ರೆಯಲ್ಲಿ ಯಾರೂ ನಾಲ್ಕು ಆಯ್ಕೆ ತಂದು ಮುಂದೆ ಇಡುವುದಿಲ್ಲ ಅಲ್ವಾ?

ಇನ್ನೊಂದು ವಿಷಯ. ಉತ್ತರ ಬರೆದು ಮುಗಿಸಿದ ಮೇಲೆ ಕಾಗದಕ್ಕೆ "ಯಾಕೆ?" ಅಂತ ಕೇಳಲು ಆಗುವುದಿಲ್ಲ. ವೈವಾದಲ್ಲಿ ಕೇಳಬಹುದು. ಬಾಯಿಪಾಠದ ಸಾಲು ಎಲ್ಲಿ ಮುಗಿಯಿತು, ಸ್ವಂತ ಯೋಚನೆ ಎಲ್ಲಿ ಶುರುವಾಯಿತು ಅನ್ನುವುದು ಆ ಎರಡನೇ, ಮೂರನೇ ಪ್ರಶ್ನೆಯಲ್ಲೇ ಗೊತ್ತಾಗುವುದು. ವೈದ್ಯಕೀಯ ಶಿಕ್ಷಣದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲುಗಳನ್ನು ಎಲ್ಲರೂ ಬಳಸುತ್ತಾರೆ: ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸುತ್ತಾರೆ, ದಿನನಿತ್ಯದ ಕೆಲಸದಲ್ಲಿ ಮಾಡುತ್ತಾರೆ. ಒಳ್ಳೆಯ ವೈವಾ ಎರಡನೇ ಮೆಟ್ಟಿಲನ್ನು ಚೆನ್ನಾಗಿ ಅಳೆಯುತ್ತದೆ. ಮೂರನೆಯದರ ಅಂಚನ್ನು ಮುಟ್ಟುತ್ತದೆ. ನಾಲ್ಕನೆಯದು ಅದರ ಕೈಗೆ ಸಿಗುವುದಿಲ್ಲ.

ಕೆಟ್ಟ ವೈವಾ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. "ಈ ಕಾಯಿಲೆಗೆ ಎಷ್ಟು ಕಾರಣ? ಇನ್ನೊಂದು ಹೇಳಿ. ಇನ್ನೂ ಒಂದು ಬಿಟ್ಟಿದ್ದೀರಿ." ಇಂಥ ವೈವಾ ಎಲ್ಲರಿಗೂ ಪರಿಚಯ. ಇದಕ್ಕೆ ಇಬ್ಬರು ಹಿರಿಯ ತಜ್ಞರನ್ನು ದೂರದಿಂದ ಕರೆಸಿ ಕೂರಿಸುವುದು ಯಾಕೆ? ಇದನ್ನು ಕಂಪ್ಯೂಟರ್ ಇನ್ನೂ ಚೆನ್ನಾಗಿ, ಎಲ್ಲರಿಗೂ ಒಂದೇ ಥರ ಕೇಳುತ್ತದೆ.

ಪರೀಕ್ಷಕರ ಮೇಲಿನ ದೂರು

ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ಮೆಡಿಕಲ್ ಎಕ್ಸಾಮಿನರ್ಸ್ 1960ರ ದಶಕದ ಆರಂಭದಲ್ಲಿ ತನ್ನದೇ ಮೌಖಿಕ ಪರೀಕ್ಷೆಗಳ ಲೆಕ್ಕ ತೆಗೆಯಿತು. ರೋಗಿಯ ಹಾಸಿಗೆ ಪಕ್ಕ ನಿಂತು ನಡೆಸುವ ಪರೀಕ್ಷೆ ಅದು. ಮೂರು ವರ್ಷಗಳ ಅವಧಿ, ಸುಮಾರು 10,000 ಪರೀಕ್ಷೆಗಳು. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳ ಹೊಂದಾಣಿಕೆ 0.25ಕ್ಕಿಂತ ಕಡಿಮೆ ಬಂತು. 1 ಅಂದರೆ ಪೂರ್ತಿ ಹೊಂದಾಣಿಕೆ, 0 ಅಂದರೆ ಏನೂ ಇಲ್ಲ. ಮಂಡಳಿ ಆ ಪರೀಕ್ಷೆಯನ್ನೇ ಕೈಬಿಟ್ಟಿತು. ಆಗಿನ ಸ್ಥಿತಿಗೆ ಅದು ಪ್ರಾಮಾಣಿಕ ತೀರ್ಮಾನ ಅಂತಲೇ ನನಗನ್ನಿಸುತ್ತದೆ.

ಈ ಅಂಕಿ ಕೇಳಿದ ಯಾರಿಗಾದರೂ ಮೊದಲು ಅನ್ನಿಸುವುದು, ಪರೀಕ್ಷಕರಲ್ಲಿ ಕೆಲವರು ಬಿಗಿ, ಕೆಲವರು ಧಾರಾಳ ಅಂತ. ಅದು ಸುಳ್ಳಲ್ಲ. ಬ್ರಿಟನ್ನಿನ ಎಂಆರ್‌ಸಿಪಿ ಅನ್ನುವ, ಫಿಸಿಷಿಯನ್‌ಗಳ ಪರೀಕ್ಷೆಯಲ್ಲಿ 2001ರಿಂದ ಪೇಸಸ್ ಅನ್ನುವ ಕ್ಲಿನಿಕಲ್ ಭಾಗ ಇದೆ. ಅದರ ಅಂಕಗಳನ್ನು ಕ್ರಿಸ್ ಮೆಕ್‌ಮ್ಯಾನಸ್ ಮತ್ತು ಜೊತೆಗಾರರು 2006ರಲ್ಲಿ ಬಿಡಿಸಿ ನೋಡಿದರು. ಅಂಕಗಳಲ್ಲಿ ಕಂಡ ವ್ಯವಸ್ಥಿತ ವ್ಯತ್ಯಾಸದಲ್ಲಿ 87% ಅಭ್ಯರ್ಥಿಗಳ ಸಾಮರ್ಥ್ಯದಿಂದ ಬಂದಿತ್ತು. 12% ಪರೀಕ್ಷಕರ ಬಿಗಿ ಅಥವಾ ಧಾರಾಳದಿಂದ. ಪಾಸು-ಫೇಲಿನ ಗೆರೆ ಹತ್ತಿರ ಇರುವವರಿಗೆ ಆ 12% ಸಣ್ಣದಲ್ಲ. ಆದರೆ ಇದನ್ನು ಸರಿಪಡಿಸುವ ದಾರಿ ಗೊತ್ತಿದೆ. ಪರೀಕ್ಷಕರಿಗೆ ತರಬೇತಿ ಕೊಡಬಹುದು. ಯಾರು ಸದಾ ಕಡಿಮೆ ಹಾಕುತ್ತಾರೆ, ಯಾರು ಸದಾ ಜಾಸ್ತಿ ಹಾಕುತ್ತಾರೆ ಅಂತ ವರ್ಷಗಟ್ಟಲೆ ಲೆಕ್ಕ ಇಡಬಹುದು, ಅವರಿಗೇ ತೋರಿಸಬಹುದು.

ಅದಕ್ಕಿಂತ ದೊಡ್ಡ ಸಮಸ್ಯೆಗೆ ಪರೀಕ್ಷಕರು ಕಾರಣವೇ ಅಲ್ಲ.

ಒಂದು ಕೇಸು ಇನ್ನೊಂದರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆರ್ಥರ್ ಎಲ್‌ಸ್ಟೈನ್ ಮತ್ತು ಜೊತೆಗಾರರು 1970ರ ದಶಕದಲ್ಲಿ ವೈದ್ಯರು ಯೋಚಿಸುವ ರೀತಿಯನ್ನು ಅಧ್ಯಯನ ಮಾಡಿದರು. ಒಳ್ಳೆಯ ವೈದ್ಯರ ಹತ್ತಿರ ಎಲ್ಲ ಕೇಸಿಗೂ ಹೊಂದುವ ಒಂದು ಯೋಚನಾ ಕೌಶಲ ಇರುತ್ತದೆ, ಅದನ್ನು ಹಿಡಿಯಬೇಕು ಅನ್ನುವುದು ಅವರ ನಿರೀಕ್ಷೆ. ಅಂಥದ್ದು ಸಿಗಲಿಲ್ಲ. ಒಂದು ಕೇಸನ್ನು ಚೆನ್ನಾಗಿ ಬಿಡಿಸಿದವರು ಮುಂದಿನ ಕೇಸಿನಲ್ಲಿ ತಡವರಿಸಿದರು. ಒಂದು ಕೇಸಿನ ಅಂಕಕ್ಕೂ ಇನ್ನೊಂದು ಕೇಸಿನ ಅಂಕಕ್ಕೂ ಇರುವ ಹೊಂದಾಣಿಕೆ ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ 0.1ರಿಂದ 0.3ರ ನಡುವೆ ಬರುತ್ತದೆ. ಈ ಗುಣಕ್ಕೆ ಶಿಕ್ಷಣ ತಜ್ಞರು ಕೇಸ್ ಸ್ಪೆಸಿಫಿಸಿಟಿ ಅನ್ನುತ್ತಾರೆ.

ಇದರ ಅರ್ಥ ಏನು ಅಂತ ಯೋಚಿಸಿ. ಮೇಲೆ ಹೇಳಿದ ಅಯೋರ್ಟಿಕ್ ಕವಾಟದ ಕೇಸಿನಲ್ಲಿ ಮಿಂಚಿದ ಅಭ್ಯರ್ಥಿ, ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಕೇಸು ಬಂದಿದ್ದರೆ ತಡಬಡಾಯಿಸುತ್ತಿದ್ದಳೋ ಏನೋ. ಹೋದ ತಿಂಗಳಷ್ಟೇ ಹಾಗೆ ಒಬ್ಬ ರೋಗಿಯನ್ನು ನೋಡಿದ್ದು ಅವಳ ಅದೃಷ್ಟ ಇರಬಹುದು. ಆ ಕವಾಟದ ಕೇಸಿನಲ್ಲಿ ಸೋತವನು ಇನ್ನು ಹತ್ತು ಕೇಸಿನಲ್ಲಿ ಅವಳಿಗಿಂತ ಚೆನ್ನಾಗಿ ಮಾಡುತ್ತಿದ್ದನೋ ಏನೋ. ಒಂದು ಅಗುಳು ನೋಡಿ ಅನ್ನ ಬೆಂದಿದೆಯೇ ಅಂತ ಹೇಳಬಹುದು, ಯಾಕೆಂದರೆ ಎಲ್ಲ ಅಗುಳೂ ಒಂದೇ ನೀರಿನಲ್ಲಿ ಬೆಂದಿರುತ್ತವೆ. ವೈದ್ಯರ ಜ್ಞಾನ ಹಾಗೆ ಬೇಯುವುದಿಲ್ಲ. ಯಾವ ರೋಗಿಯನ್ನು ನೋಡಿದ್ದಾರೆ, ಯಾವುದನ್ನು ನೋಡಿಲ್ಲ ಅನ್ನುವುದರ ಮೇಲೆ ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಸಡಿಲ.

ಹಾಗಾದರೆ ಎಷ್ಟು ಕೇಸು ಬೇಕು? 1987ರಲ್ಲಿ ಡೇವಿಡ್ ಸ್ವಾನ್ಸನ್ ಇದಕ್ಕೆ ಲೆಕ್ಕ ಕೊಟ್ಟರು. ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ನನ್ನ ಮಟ್ಟಿಗೆ ವೈವಾ ಬಗ್ಗೆ ಯಾರೇ ಚರ್ಚೆ ಶುರು ಮಾಡಿದರೂ ಈ ಅಂಕಿಗಳಿಂದಲೇ ಶುರು ಮಾಡಬೇಕು.

ಲೆಕ್ಕ ಇರುವುದು ವಿಶ್ವಾಸಾರ್ಹತೆಯ ಬಗ್ಗೆ. ಅದೇ ಅಭ್ಯರ್ಥಿಗಳು ಬೇರೆ ದಿನ, ಬೇರೆ ಕೇಸು, ಬೇರೆ ಪರೀಕ್ಷಕರ ಎದುರು ಕೂತರೆ ಅವರ ಸ್ಥಾನ ಎಷ್ಟರ ಮಟ್ಟಿಗೆ ಹಾಗೇ ಉಳಿಯುತ್ತದೆ ಅನ್ನುವುದರ ಅಳತೆ ಅದು. ಒಬ್ಬರ ವೃತ್ತಿಜೀವನ ನಿರ್ಧರಿಸುವ ಪರೀಕ್ಷೆಗೆ 0.8 ಆದರೂ ಇರಬೇಕು ಅನ್ನುವುದು ಸಾಮಾನ್ಯ ಒಪ್ಪಿಗೆ. ಒಂದೊಂದು ಕೇಸಿಗೆ ಅರ್ಧ ಗಂಟೆ ಅಂದುಕೊಂಡರೆ, ಒಂದು ಗಂಟೆಯಲ್ಲಿ ಎರಡು ಕೇಸು. ಎರಡಕ್ಕೂ ಒಬ್ಬರೇ ಪರೀಕ್ಷಕರು ಇದ್ದರೆ ವಿಶ್ವಾಸಾರ್ಹತೆ 0.31. ಪ್ರತಿ ಕೇಸಿಗೆ ಬೇರೆ ಪರೀಕ್ಷಕರು ಬಂದರೆ 0.50. ಪ್ರತಿ ಕೇಸಿಗೆ ಹೊಸ ಇಬ್ಬರು ಕೂತರೆ 0.61. ಪರೀಕ್ಷೆಯನ್ನು ನಾಲ್ಕು ಗಂಟೆಗೆ, ಎಂಟು ಕೇಸಿಗೆ ಎಳೆದರೆ ಮೊದಲನೆಯದು 0.8ರ ಕೆಳಗೇ ಉಳಿಯುತ್ತದೆ, ಉಳಿದೆರಡು ಕ್ರಮವಾಗಿ 0.82, 0.86 ಆಗುತ್ತವೆ.

ಇದರಲ್ಲಿ ಎರಡು ವಿಷಯ ಇದೆ. ಮೊದಲನೆಯದು, ಒಬ್ಬರೇ ಪರೀಕ್ಷಕರು ಎಲ್ಲ ಕೇಸನ್ನೂ ಕೇಳಿದರೆ ನಾಲ್ಕು ಗಂಟೆ ಕೂತರೂ 0.8 ಮುಟ್ಟುವುದಿಲ್ಲ. ಮೊದಲ ಐದು ನಿಮಿಷದಲ್ಲಿ ಮೂಡಿದ ಅಭಿಪ್ರಾಯ ಕೊನೆಯ ಕೇಸಿನವರೆಗೂ ಜೊತೆಯಲ್ಲೇ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಎಂಟು ಪರೀಕ್ಷಕರು, ತಲಾ ಅರ್ಧ ಗಂಟೆ ಸಿಗುತ್ತಾರೆ ಅಂದುಕೊಳ್ಳಿ. ಅವರನ್ನು ಜೋಡಿ ಜೋಡಿಯಾಗಿ ನಾಲ್ಕು ಕೇಸಿಗೆ ಕೂರಿಸಿದರೆ ಎರಡು ಗಂಟೆಯ ಪರೀಕ್ಷೆ ಆಗುತ್ತದೆ, ವಿಶ್ವಾಸಾರ್ಹತೆ 0.76. ಅದೇ ಎಂಟು ಜನರನ್ನು ಒಬ್ಬೊಬ್ಬರಾಗಿ ಎಂಟು ಕೇಸಿಗೆ ಕೂರಿಸಿದರೆ 0.82. ಪರೀಕ್ಷಕರ ಸಮಯ ಎರಡರಲ್ಲೂ ಅಷ್ಟೇ. ಅಭ್ಯರ್ಥಿಗೆ ಮಾತ್ರ ಎರಡು ಗಂಟೆ ಜಾಸ್ತಿ. ಒಂದೇ ಕೇಸನ್ನು ನಾಲ್ಕು ಕಣ್ಣಿಂದ ನೋಡುವುದಕ್ಕಿಂತ, ಎರಡು ಕೇಸನ್ನು ಎರಡೆರಡು ಕಣ್ಣಿಂದ ನೋಡುವುದು ಮೇಲು. ಆದರೂ ಎಷ್ಟೋ ಕಡೆ ಪದ್ಧತಿ ಉಲ್ಟಾ ಇದೆ. ಒಂದು ಮೇಜು, ಅದರ ಸುತ್ತ ನಾಲ್ಕು ಪರೀಕ್ಷಕರು, ಎದುರಿಗೆ ಒಬ್ಬ ಅಭ್ಯರ್ಥಿ, ನಡುವೆ ಒಂದೇ ಕೇಸು. ನೋಡಲು ಗಂಭೀರವಾಗಿದೆ. ನಾಲ್ವರೂ ನೋಡುತ್ತಿರುವುದು ಅದೇ ಒಂದು ಕೇಸಿನ ಅದೃಷ್ಟವನ್ನು.

ಜೋಡಿ ಪರೀಕ್ಷಕರಿಂದ ಬೇರೆ ಉಪಯೋಗ ಇದೆ, ಅದನ್ನು ತಳ್ಳಿಹಾಕಲಾರೆ. ಕೋಣೆಯಲ್ಲಿ ಇನ್ನೊಬ್ಬರು ಇದ್ದರೆ ಯಾರೂ ಅಭ್ಯರ್ಥಿಯನ್ನು ಹೀಯಾಳಿಸುವುದಿಲ್ಲ, ಆಮೇಲೆ ದೂರು ಬಂದರೆ ಸಾಕ್ಷಿ ಇರುತ್ತದೆ. ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಎರಡನ್ನೂ ಸೇರಿಸಿ ಒಂದು ದಾರಿ ಹುಡುಕಿಕೊಂಡಿದೆ. ಅರ್ಧ ಗಂಟೆಯ ಮೂರು ಸುತ್ತು, ಪ್ರತಿ ಸುತ್ತಿನಲ್ಲಿ ಹೊಸ ಜೋಡಿ ಪರೀಕ್ಷಕರು, ಪ್ರತಿ ಜೋಡಿಯಿಂದ ನಾಲ್ಕು ಕೇಸು. ಒಂದೂವರೆ ಗಂಟೆಯಲ್ಲಿ ಹನ್ನೆರಡು ಕೇಸು ಆಯಿತು. ಒಂದೊಂದಕ್ಕೆ ಏಳು-ಎಂಟು ನಿಮಿಷ. ಆಳ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಮೇಲಿನ ಉದಾಹರಣೆಯ ಮಾತು ಮುಗಿದದ್ದು ಮೂರೇ ನಿಮಿಷದಲ್ಲಿ. ಏಳು ನಿಮಿಷದಲ್ಲಿ ಕೇಸನ್ನು ಎರಡು ಸಲ ತಿರುಗಿಸಬಹುದು. ಬಹಳ ಸಲ ಅಷ್ಟು ಸಾಕು.

ಮಾತಿನ ಚಂದ, ಮಾತಿನ ಕಷ್ಟ

ಬಾಯಲ್ಲಿ ಹೇಳಿಸುವ ಪರೀಕ್ಷೆಯಲ್ಲಿ ಮಾತು ಬಲ್ಲವರಿಗೆ ಲಾಭ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರ್ಜರಿ ವಿದ್ಯಾರ್ಥಿಗಳ ಪಾತ್ರವನ್ನು ನಟರು ಮಾಡಿದರು. ಉತ್ತರದ ಹೂರಣ ಒಂದೇ, ಹೇಳುವ ರೀತಿ ಬೇರೆ. ಕಣ್ಣಲ್ಲಿ ಕಣ್ಣಿಟ್ಟು, ತಡವರಿಸದೆ ಹೇಳಿದಾಗ ಪರೀಕ್ಷಕರು ಜಾಸ್ತಿ ಅಂಕ ಹಾಕಿದರು. ಸ್ಪಷ್ಟವಾಗಿ ಮಾತಾಡುವುದು ವೈದ್ಯರಿಗೆ ಬೇಕಾದ ಗುಣ ಹೌದು. ಆದರೆ ಅದಕ್ಕೆ ಅಂಕ ಕೊಡುವುದಾದರೆ ಹಾಗಂತ ಹೇಳಿಯೇ ಕೊಡಬೇಕು. ರೋಗ ನಿರ್ಧಾರದ ಅಂಕದೊಳಗೆ ಅದು ಕದ್ದು ಸೇರಬಾರದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯನ್ನು ಸೀಲಿಯಾ ರಾಬರ್ಟ್ಸ್, ಶ್ರೀಕಾಂತ್ ಸಾರಂಗಿ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ಬರೆದರು. ಬ್ರಿಟನ್ನಿನ ಕುಟುಂಬ ವೈದ್ಯರ ಸದಸ್ಯತ್ವ ಪರೀಕ್ಷೆಯ ವೈವಾಗಳಲ್ಲಿ ನಡೆದ ಮಾತುಕತೆಯನ್ನು ಅವರು ಸಾಲು ಸಾಲಾಗಿ ಬಿಡಿಸಿ ನೋಡಿದರು. ಪರೀಕ್ಷಕರು ಮೂರು ಧಾಟಿಯಲ್ಲಿ ಮಾತಾಡುತ್ತಿದ್ದರು. ಒಮ್ಮೆ ವೈದ್ಯರು ರೋಗಿಯ ಬಗ್ಗೆ ಮಾತಾಡುವ ಧಾಟಿ. ಒಮ್ಮೆ ತತ್ವ, ನೀತಿ ಚರ್ಚಿಸುವ ಧಾಟಿ. ಒಮ್ಮೆ "ನಿಮಗೇ ಹೀಗಾದಾಗ ಏನನ್ನಿಸಿತು" ಅನ್ನುವ ಸ್ವಂತ ಅನುಭವದ ಧಾಟಿ. ಒಂದರಿಂದ ಇನ್ನೊಂದಕ್ಕೆ ಯಾವ ಸೂಚನೆಯೂ ಇಲ್ಲದೆ ಜಾರುತ್ತಿದ್ದರು. ಅದೇ ಸಂಸ್ಕೃತಿಯಲ್ಲಿ ಬೆಳೆದವರಿಗೆ ಧಾಟಿ ಬದಲಾಗಿದ್ದು ತಾನಾಗಿಯೇ ತಿಳಿಯುತ್ತಿತ್ತು. ಬೇರೆ ದೇಶದಲ್ಲಿ ಓದಿ ಬಂದವರು ಸ್ವಂತ ಅನುಭವ ಕೇಳಿದಾಗ ತತ್ವ ಹೇಳಿದರು, ತತ್ವ ಕೇಳಿದಾಗ ರೋಗಿಯ ಚಿಕಿತ್ಸೆ ಹೇಳಿದರು. ವೈದ್ಯಕೀಯ ಗೊತ್ತಿಲ್ಲದ್ದಕ್ಕಲ್ಲ, ಏನು ಕೇಳುತ್ತಿದ್ದಾರೆ ಅಂತ ಹೊಳೆಯದೆ ಅಂಕ ಹೋಗುವ ಅಪಾಯ ಅಲ್ಲಿತ್ತು. 2007ರಲ್ಲಿ ಆ ಪರೀಕ್ಷೆಯನ್ನು ಹೊಸದಾಗಿ ಕಟ್ಟಿದಾಗ ವೈವಾ ಭಾಗ ಹೋಯಿತು. ರೋಗಿಯ ಪಾತ್ರದ ನಟರನ್ನು ಎದುರಿಗೆ ಕೂರಿಸುವ ಪರೀಕ್ಷೆ ಬಂತು. ಅದರ ಮೇಲೂ ತಾರತಮ್ಯದ ದೂರು ಬಂದು, 2014ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲು ಹತ್ತಿತು. ಪರೀಕ್ಷೆ ಕಾನೂನುಬದ್ಧ ಅಂತ ಕೋರ್ಟ್ ಹೇಳಿತು. ಅಂದರೆ ವೈವಾ ತೆಗೆದುಹಾಕಿದ ಮಾತ್ರಕ್ಕೆ ಪ್ರಶ್ನೆ ಹೋಗಲಿಲ್ಲ. ಮನುಷ್ಯರು ಮನುಷ್ಯರನ್ನು ಅಳೆಯುವ ಎಲ್ಲ ಕಡೆಯೂ ಈ ಪ್ರಶ್ನೆ ಇರುತ್ತದೆ. ಅದನ್ನು ಪ್ರತಿ ವರ್ಷ ಲೆಕ್ಕ ಹಾಕಿ ನೋಡುವುದೇ ಮಂಡಳಿಗಳ ಕರ್ತವ್ಯ.

ಇಷ್ಟೆಲ್ಲ ಇದ್ದೂ ಯಾಕೆ ಉಳಿಸಿಕೊಳ್ಳಬೇಕು?

ಯಾಕೆಂದರೆ ಅದು ಲಿಖಿತ ಪರೀಕ್ಷೆಗೆ ಸಿಗದ್ದನ್ನು ಹಿಡಿಯುತ್ತಿದೆ ಅನ್ನುವುದಕ್ಕೆ ಪುರಾವೆ ಇದೆ. ಅಮೆರಿಕದ ಅರಿವಳಿಕೆ ಮಂಡಳಿ ಲಿಖಿತ ಮತ್ತು ಮೌಖಿಕ ಎರಡೂ ಪರೀಕ್ಷೆ ನಡೆಸುತ್ತದೆ. 1971ರಿಂದ 2011ರವರೆಗೆ ತರಬೇತಿಗೆ ಸೇರಿದ ವೈದ್ಯರನ್ನು 2014ರವರೆಗೆ ಹಿಂಬಾಲಿಸಿದ ಒಂದು ಅಧ್ಯಯನ 2017ರಲ್ಲಿ ಹೊರಬಂತು. ವೈದ್ಯರ ಲೈಸೆನ್ಸಿನ ಮೇಲೆ ಶಿಸ್ತು ಕ್ರಮ ಆಗಿದೆಯೇ ಅನ್ನುವುದನ್ನು ಅದು ನೋಡಿತು. ಎರಡೂ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸಾದವರಿಗೆ ಹೋಲಿಸಿದರೆ, ಎರಡರಲ್ಲೂ ಪಾಸಾಗದವರಿಗೆ ಶಿಸ್ತು ಕ್ರಮದ ಸಾಧ್ಯತೆ 3.60 ಪಟ್ಟು ಇತ್ತು. ಲಿಖಿತ ಮಾತ್ರ ಪಾಸಾಗಿ ಮೌಖಿಕದಲ್ಲಿ ಪಾಸಾಗದವರಿಗೆ 3.51 ಪಟ್ಟು. ಅಂದರೆ ಲಿಖಿತ ಪರೀಕ್ಷೆಯೊಂದನ್ನೇ ಪಾಸಾದವರು, ಯಾವುದನ್ನೂ ಪಾಸಾಗದವರಿಗಿಂತ ಈ ವಿಷಯದಲ್ಲಿ ಮೇಲಿರಲಿಲ್ಲ. ಅದೇ ಅಧ್ಯಯನದಲ್ಲಿ ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರ ಮೇಲೆ ಶಿಸ್ತು ಕ್ರಮದ ಸಾಧ್ಯತೆ ಕಡಿಮೆಯೇ ಇತ್ತು ಅನ್ನುವುದನ್ನೂ ಹೇಳಬೇಕು. ಉಚ್ಚಾರಣೆ ನೋಡಿ ಸಾಮರ್ಥ್ಯ ಅಳೆಯುವವರು ಇದನ್ನು ನೆನಪಿಡಲಿ.

ಈ ಪುರಾವೆಯನ್ನು ಅತಿಯಾಗಿ ಎಳೆಯಬಾರದು. ಪ್ರಮಾಣಪತ್ರ ಸಿಗದವರಿಗೆ ಸಿಗುವ ಕೆಲಸ, ಆಸ್ಪತ್ರೆ, ಜೊತೆಗಾರರು ಎಲ್ಲ ಬೇರೆ ಇರಬಹುದು. ಅದೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತದೆ. ಶಿಸ್ತು ಕ್ರಮಗಳು ಬರೀ ಚಿಕಿತ್ಸೆಯ ತಪ್ಪಿಗೆ ಆಗುವಂಥವೂ ಅಲ್ಲ. ಆದರೂ ಇದು ಸಣ್ಣ ಸುಳಿವಲ್ಲ. ಮೌಖಿಕ ಪರೀಕ್ಷೆ ಬರೀ ಹೆದರಿಸುವ ಶಾಸ್ತ್ರ ಅನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಓಸ್ಕಿ ಇದೆಯಲ್ಲ, ಅದು ಸಾಲದೇ ಅಂತ ಕೇಳಬಹುದು. ರೊನಾಲ್ಡ್ ಹಾರ್ಡನ್ ಡಂಡಿಯಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಸಾಲಾಗಿ ನಿಲ್ದಾಣಗಳು, ಪ್ರತಿಯೊಂದರಲ್ಲಿ ಒಂದು ಕೆಲಸ, ಗಂಟೆ ಬಾರಿಸಿದರೆ ಮುಂದಿನದು. ಹಲವು ಕೇಸು, ಹಲವು ಪರೀಕ್ಷಕರು ಅನ್ನುವ ತತ್ವ ಅದರಲ್ಲಿ ಹುಟ್ಟಿನಿಂದಲೇ ಇದೆ. ಮಾಡಿ ತೋರಿಸುವ ಕೌಶಲಕ್ಕೆ ಅದೇ ಸರಿ. ಆದರೆ ಚೆಕ್‌ಲಿಸ್ಟ್ ಹಿಡಿದು ನಿಂತವರು "ಯಾಕೆ?" ಅಂತ ಕೇಳುವುದಿಲ್ಲ. ಹಿರಿಯ ಮಟ್ಟದ ತರಬೇತಿಯಲ್ಲಿ ಆ ಪ್ರಶ್ನೆಯೇ ಮುಖ್ಯ. ಅರಿವಳಿಕೆ ಮಂಡಳಿ 2018ರಲ್ಲಿ ಓಸ್ಕಿ ಸೇರಿಸಿದಾಗ ಮೌಖಿಕ ಭಾಗವನ್ನು ತೆಗೆಯದೆ ಎರಡನ್ನೂ ಇಟ್ಟುಕೊಂಡಿದ್ದು ನನಗೆ ಸರಿ ಅನ್ನಿಸುತ್ತದೆ.

ಇನ್ನು ಪ್ರಶ್ನೆ ಬರೆಯುವ ಕೆಲಸ. ವೈವಾದ ಗುಣಮಟ್ಟ ನಿಜವಾಗಿ ನಿರ್ಧಾರವಾಗುವುದು ಇಲ್ಲಿ, ಪರೀಕ್ಷೆಗೆ ತಿಂಗಳುಗಳ ಮೊದಲು. ಮತ್ತೆ ಅದೇ ಸೊಂಟ ಮುರಿದ ಮಹಿಳೆಯ ಕೇಸು ತೆಗೆದುಕೊಳ್ಳಿ. ಕೇಸಿನ ಮಾತು ಬರೆದಿಡಬೇಕು. ಎರಡನೇ, ಮೂರನೇ ಪ್ರಶ್ನೆ ಯಾವುದು ಅಂತ ಬರೆದಿಡಬೇಕು. ಪಾಸಾಗಲು ಕನಿಷ್ಠ ಏನು ಹೇಳಬೇಕು, ಏನು ಹೇಳಿದರೆ ಅಪಾಯಕಾರಿ ಉತ್ತರ ಅಂತ ಒಪ್ಪಿಕೊಂಡಿರಬೇಕು. ಎಕೋಗೆ ಎರಡು ದಿನ ಕಾಯುತ್ತೇನೆ ಅಂದವರನ್ನು ಅಲ್ಲಿಗೇ ಫೇಲ್ ಮಾಡಬೇಕೇ, ಇಲ್ಲ ಕಾರಣ ಕೇಳಬೇಕೇ? ಇದನ್ನು ಮೊದಲೇ ನಿರ್ಧರಿಸದೆ ಬಿಟ್ಟರೆ ಒಬ್ಬ ಪರೀಕ್ಷಕರು ಒಂದು ಥರ ಮಾಡುತ್ತಾರೆ, ಇನ್ನೊಬ್ಬರು ಇನ್ನೊಂದು ಥರ.

ಸುಳಿವು ಕೊಡುವ ವಿಷಯ ಇನ್ನೂ ನಾಜೂಕು. ಅಭ್ಯರ್ಥಿ ಸುಮ್ಮನಾದಾಗ ಮೃದು ಮನಸ್ಸಿನ ಪರೀಕ್ಷಕರು ಕೇಳುತ್ತಾರೆ: "ಹೃದಯ ಬಡಿತದ ಬಗ್ಗೆ ಏನಾದರೂ ಯೋಚನೆ ಇದೆಯಾ?" ಅಭ್ಯರ್ಥಿಗೆ ತಟ್ಟನೆ ಹೊಳೆಯುತ್ತದೆ, ಉತ್ತರ ಸರಿಯಾಗಿ ಬರುತ್ತದೆ. ಅಂಕದ ಹಾಳೆಯಲ್ಲಿ ತಾನೇ ಹೇಳಿದ ಹಾಗೆ ದಾಖಲಾಗುತ್ತದೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಅಭ್ಯರ್ಥಿ ಅದೇ ಜಾಗದಲ್ಲಿ ಸುಮ್ಮನಾಗುತ್ತಾನೆ. ಅಲ್ಲಿಯ ಪರೀಕ್ಷಕರು ಗಡಿಯಾರ ನೋಡುತ್ತಾ ಕಾಯುತ್ತಾರೆ. ಆತನಿಗೆ ಸೊನ್ನೆ. ಯಾರೂ ಬೇಕಂತ ಅನ್ಯಾಯ ಮಾಡಲಿಲ್ಲ. ಯಾವ ಸುಳಿವು, ಎಷ್ಟು ಹೊತ್ತಿನ ಮೇಲೆ, ಸುಳಿವಿನಿಂದ ಬಂದ ಉತ್ತರಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟಿರಲಿಲ್ಲ, ಅಷ್ಟೇ. ಪರೀಕ್ಷಕರು ಬೆಳಿಗ್ಗೆ ಒಟ್ಟಿಗೆ ಕೂತು ಒಂದು ಗಂಟೆ ಈ ಹಾಳೆಗಳನ್ನು ಓದಿಕೊಂಡರೆ ಇಂಥದ್ದು ಬಹಳಷ್ಟು ತಪ್ಪುತ್ತದೆ.

ಹೀಗೆಲ್ಲ ಬರೆದಿಟ್ಟರೆ ವೈವಾದ ಜೀವ ಹೋಗುತ್ತದೆ ಅನ್ನುವ ಹಿರಿಯರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮಾತು ಹೋದ ಕಡೆ ಹೋಗುವ ಸ್ವಾತಂತ್ರ್ಯ ಅವರಿಗೆ ಮುಖ್ಯ. ಆದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ಕೊಡುವವರು ಎದುರಿಗೆ ಕೂತ ಅಭ್ಯರ್ಥಿ. ಪರೀಕ್ಷಕರಿಗೆ ಇಷ್ಟವಾದ ಸಂಶೋಧನಾ ವಿಷಯದ ಕಡೆ ಮಾತು ತಿರುಗಿತು ಅನ್ನುವ ಕಾರಣಕ್ಕೆ ಒಬ್ಬರು ಆರು ತಿಂಗಳು, ಒಂದು ವರ್ಷ ಕಳೆದುಕೊಳ್ಳುವುದು ಸರಿಯಲ್ಲ.

ಕೊನೆಯ ದಿನದ ಹೊರಗೆ

ಮಾತು ಹೋದ ಕಡೆ ಹೋಗಲು ಒಂದು ಸರಿಯಾದ ಜಾಗ ಇದೆ. ಅದು ತರಬೇತಿಯ ವರ್ಷಗಳು. ಅಲ್ಲಿ ಪಾಸು-ಫೇಲಿನ ಭಯ ಇಲ್ಲ. ಕೇಸು ಕಲ್ಪನೆಯದ್ದಲ್ಲ, ತರಬೇತಿ ವೈದ್ಯರೇ ಹೋದ ವಾರ ನೋಡಿದ ರೋಗಿ. ಕೇಸ್ ಶೀಟ್ ಮುಂದಿಟ್ಟುಕೊಂಡು ಹಿರಿಯರು ಕೇಳುತ್ತಾರೆ: "ಇಲ್ಲಿ ಆಂಟಿಬಯೋಟಿಕ್ ಬದಲಿಸಿದ್ದೀರಿ. ಆಗ ಏನು ಯೋಚಿಸಿದ್ದಿರಿ?" ಬ್ರಿಟನ್ನಿನ ತರಬೇತಿಯಲ್ಲಿ ಇದಕ್ಕೆ ಕೇಸ್ ಬೇಸ್ಡ್ ಡಿಸ್ಕಷನ್ ಅನ್ನುತ್ತಾರೆ. ನೆದರ್ಲೆಂಡ್ಸಿನ ಒಲ್ಲೆ ಟೆನ್ ಕಾಟೆ ಮತ್ತು ರೈನಿಯರ್ ಹಾಫ್ 2017ರಲ್ಲಿ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು. ರೋಗಿಗೆ ಕಿಡ್ನಿ ತೊಂದರೆಯೂ ಇದ್ದಿದ್ದರೆ? ರಾತ್ರಿ ಎರಡು ಗಂಟೆಗೆ ನೀವೊಬ್ಬರೇ ಇದ್ದಿದ್ದರೆ? ಮುಂದಿನ ಸಲ ಮೇಲ್ವಿಚಾರಣೆ ಇಲ್ಲದೆ ಈ ಕೆಲಸವನ್ನು ನಿಮಗೆ ಬಿಡಬಹುದೇ ಅನ್ನುವುದನ್ನು ನಿರ್ಧರಿಸಲು ಬೇಕಾದ ಪ್ರಶ್ನೆಗಳು ಇವು.

ವರ್ಷಕ್ಕೆ ಹತ್ತು ಸಲ, ಬೇರೆ ಬೇರೆ ಹಿರಿಯರ ಜೊತೆ ಇಂಥ ಮಾತುಕತೆ ನಡೆದರೆ ಮೂರು ವರ್ಷಕ್ಕೆ ಮೂವತ್ತು ಕೇಸು ಆಗುತ್ತದೆ. ಯಾವ ಕೊನೆಯ ದಿನದ ಪರೀಕ್ಷೆಯೂ ಮೂವತ್ತು ಕೇಸು ಕೇಳಲಾರದು. ಈಗ ಇದಕ್ಕೆ ಹೊಸ ಕಾರಣವೂ ಸೇರಿದೆ. ತರಬೇತಿ ವೈದ್ಯರು ಲಾಗ್‌ಬುಕ್ಕಿನಲ್ಲಿ ಬರೆಯುವ ಕೇಸ್ ವರದಿ, ಕಲಿತದ್ದರ ಟಿಪ್ಪಣಿ ಎಲ್ಲವನ್ನೂ ಎಐ ಚಾಟ್‌ಬಾಟ್ ನಿಮಿಷದಲ್ಲಿ ಚೆನ್ನಾಗಿ ಬರೆದುಕೊಡುತ್ತದೆ. ಬರೆದದ್ದನ್ನು ನೋಡಿ ಯಾರ ಯೋಚನೆ ಅಂತ ಹೇಳುವುದು ಕಷ್ಟ. ಅದನ್ನೇ ಮುಂದಿಟ್ಟುಕೊಂಡು ಹತ್ತು ನಿಮಿಷ ಮಾತಾಡಿದರೆ ಗೊತ್ತಾಗುತ್ತದೆ.

ಅಡ್ಡಿ ಒಂದೇ, ಹಿರಿಯರ ಸಮಯ. ಫಾರಂ ತುಂಬಿಸಿ ಸಹಿ ಹಾಕಿ ಕಳಿಸುವ ಅಭ್ಯಾಸ ಎಲ್ಲ ದೇಶದಲ್ಲೂ ಇದೆ. ಕಲಿಸುವ ಆಸ್ಪತ್ರೆಗಳು ಈ ಮಾತುಕತೆಗೆ ಡ್ಯೂಟಿ ಪಟ್ಟಿಯಲ್ಲೇ ಸಮಯ ಕಟ್ಟಿಡದಿದ್ದರೆ ಇದು ಆಗುವುದಿಲ್ಲ. ಹೊರರೋಗಿ ವಿಭಾಗ ಮುಗಿದ ಮೇಲೆ ನೋಡೋಣ ಅಂದರೆ ಯಾವತ್ತೂ ಆಗುವುದಿಲ್ಲ.

ಮಂಡಳಿಗಳು ನಾಳೆಯೇ ಮಾಡಬಹುದಾದ ಕೆಲಸವೂ ಇದೆ. ತಮ್ಮ ಮೌಖಿಕ ಪರೀಕ್ಷೆಯಲ್ಲಿ ಎಷ್ಟು ಕೇಸು, ಎಷ್ಟು ಪರೀಕ್ಷಕರು, ವಿಶ್ವಾಸಾರ್ಹತೆ ಎಷ್ಟು ಅಂತ ಪ್ರತಿ ವರ್ಷ ಪ್ರಕಟಿಸಬೇಕು. ಹೆಣ್ಣು-ಗಂಡು, ಓದಿದ ಊರು-ದೇಶದ ಪ್ರಕಾರ ಪಾಸಾದವರ ಪ್ರಮಾಣ ಎಷ್ಟು ಅನ್ನುವುದನ್ನೂ ಹೇಳಬೇಕು. ಫೇಲಾದವರಿಗೆ ಒಂದು ಒಟ್ಟು ಅಂಕ ಮಾತ್ರ ಕಳಿಸುವುದು ಸಾಲದು. ಯಾವ ಕೇಸಿನಲ್ಲಿ, ಯಾವ ತಿರುವಿನಲ್ಲಿ, ಏನು ಹೇಳದೆ ಬಿಟ್ಟಿರಿ ಅಂತ ಅವರ ಕೈಗೆ ಬರೆದುಕೊಡಬೇಕು.